ಅಣುಸ್ಥಾವರದ ಕಾರ್ಮಿಕರ ವಿಕಿರಣ ಮಿತಿಯನ್ನು ಇಳಿಸಬೇಕೇ?

ವಿಕಿರಣದ ನಡುವೆ ದುಡಿಯುವವರಿಗೆ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ವಿಧಿಸಿರುವ ಮಿತಿ ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಹಾನಿಯನ್ನು ಅಳೆಯುವ ಮಾನ), ಅಂದರೆ ವರ್ಷಕ್ಕೆ ಸರಾಸರಿ 20. ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಹಾಸನದ ಎಕ್ಸ್‌-ರೇ ಕೋಣೆಯ ತಂತ್ರಜ್ಞರಿಗೂ ಕೈಗಾದ ರಿಯಾಕ್ಟರ್ ಕಟ್ಟಡದೊಳಗೆ ಹೋಗುವ ಫಿಟ್ಟರಿಗೂ ಇದೇ ಅಳತೆ. ಐಟಿಐ ಮುಗಿಸಿ ಗುತ್ತಿಗೆ ಕೆಲಸಕ್ಕೆ ಕಾರವಾರದ ಕಡೆ ಮುಖ ಮಾಡುವ ಹುಡುಗರು ನಮ್ಮಲ್ಲೂ ಇರುವುದರಿಂದ ಈ ಪ್ರಶ್ನೆ ಹಾಸನ, ಚಿಕ್ಕಮಗಳೂರಿಗೆ ದೂರದ್ದಲ್ಲ. ಎರಡು ಪಕ್ಷಗಳನ್ನೂ ಬರೆಯುತ್ತಿರುವವನು ನಾನೇ ಆದ್ದರಿಂದ ಒಲವನ್ನು ಮೊದಲೇ ಹೇಳಿಬಿಡುವುದು ನ್ಯಾಯ: ವಿರೋಧದ ವಾದ ನನಗೆ ಕೂದಲೆಳೆಯಷ್ಟು ಹೆಚ್ಚು ಸರಿಯೆನಿಸುತ್ತದೆ.

ಪರ

ಮಿತಿ ಹಿಂದೆಯೂ ಇಳಿದಿದೆ. 1950ರ ದಶಕದ ಕೊನೆಯಿಂದ ವರ್ಷಕ್ಕೆ 50 ಮಿಲಿಸೀವರ್ಟ್‌ಗೆ ಸಮನಾದ ಪ್ರಮಾಣವನ್ನು ಒಪ್ಪಿಕೊಂಡಿದ್ದ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು, ಹಿರೋಶಿಮಾ ಮತ್ತು ನಾಗಾಸಾಕಿಯಲ್ಲಿ ಬದುಕುಳಿದವರ ಲೆಕ್ಕಗಳು ಪರಿಷ್ಕೃತವಾದ ಮೇಲೆ, 1990ರ ಶಿಫಾರಸಿನಲ್ಲಿ ಅದನ್ನು ಸರಾಸರಿ 20ಕ್ಕೆ ತಂದಿತು. ಅಂದಿನ ಮುಖ್ಯ ಆಧಾರ ಬಾಂಬಿನ ಕ್ಷಣಮಾತ್ರದ ವಿಕಿರಣ. ಇಂದು ಕಾರ್ಮಿಕರ ಬದುಕಿನಿಂದಲೇ ಬಂದ ಆಧಾರವಿದೆ. ಫ್ರಾನ್ಸ್, ಬ್ರಿಟನ್, ಅಮೆರಿಕಗಳ 3 ಲಕ್ಷಕ್ಕೂ ಹೆಚ್ಚು ಅಣು ಉದ್ಯಮದ ಕಾರ್ಮಿಕರ ದಶಕಗಳ ದಾಖಲೆಯನ್ನು ಪರಿಶೀಲಿಸಿದ ‘ಇನ್‌ವರ್ಕ್ಸ್’ ಅಧ್ಯಯನದ 2023ರ ಫಲಿತಾಂಶದಂತೆ, ದೇಹಕ್ಕೆ ಸೇರಿದ ಒಂದು ಗ್ರೇ (ಹೀರಿಕೊಂಡ ವಿಕಿರಣದ ಮಾನ; ಗಾಮಾ ಕಿರಣಗಳ ಮಟ್ಟಿಗೆ ಒಂದು ಗ್ರೇ ಎಂದರೆ 1,000 ಮಿಲಿಸೀವರ್ಟ್) ವಿಕಿರಣಕ್ಕೆ ಗಡ್ಡೆ ರೂಪದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಶೇ. 52ರಷ್ಟು ಏರುತ್ತದೆ, 100 ಮಿಲಿಗ್ರೇವರೆಗಿನ ಪ್ರಮಾಣವನ್ನಷ್ಟೇ ನೋಡಿದರೂ ಆ ಏರಿಕೆ ಮಾಯವಾಗಲಿಲ್ಲ. ಮಿತಿಯ ಅಂಚಿನಲ್ಲೇ 30 ವರ್ಷ ದುಡಿದವನ ಮೈಗೆ ಸೇರುವುದು 600 ಮಿಲಿಸೀವರ್ಟ್. ಅದೇ ದರದಲ್ಲಿ ಅವನ ಅಪಾಯ ಸುಮಾರು ಶೇ. 30ರಷ್ಟು ಹೆಚ್ಚು, ಅದೂ ಯಾವ ನಿಯಮವನ್ನೂ ಮುರಿಯದೆ.

ಅಳತೆಯ ಮಾತೂ ಇದೆ. ಮೈಗೆ ತಗಲಿದ ವಿಕಿರಣವನ್ನು ಅಳೆಯಲು ಕಾರ್ಮಿಕರು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜಿನೊಳಗೆ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಸಣ್ಣ ಬಿಲ್ಲೆಗಳಿರುತ್ತವೆ. ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅವು ಹೀರಿಕೊಂಡಿದ್ದ ವಿಕಿರಣಕ್ಕೆ ತಕ್ಕಷ್ಟು ಬೆಳಕು ಸೂಸುತ್ತವೆ. ಆದರೆ ಕೈಗಾದಂಥ ಭಾರಜಲದ (ಭಾರವಾದ ಹೈಡ್ರೋಜನ್ ಇರುವ ನೀರಿನ) ರಿಯಾಕ್ಟರಿನಲ್ಲಿ ಹುಟ್ಟುವ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಸೂಸುವ ಬೀಟಾ ಕಣಗಳಿಗೆ ಬ್ಯಾಡ್ಜಿನ ಹೊದಿಕೆಯನ್ನು ದಾಟುವ ಕಸುವೂ ಇಲ್ಲ. ಉಸಿರು, ಚರ್ಮ, ನೀರಿನ ಮೂಲಕ ಒಳಸೇರಿದ ಟ್ರಿಟಿಯಂ ಪತ್ತೆಯಾಗುವುದು ಮೂತ್ರದ ಪರೀಕ್ಷೆಯಲ್ಲಿ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂಯುಕ್ತ ಭಾರಜಲವನ್ನು ಯಾರೋ ಬೆರೆಸಿದ್ದು ಹೊರಬಿದ್ದದ್ದೂ 50ಕ್ಕೂ ಹೆಚ್ಚು ಮಂದಿಯ ಮೂತ್ರದಲ್ಲಿ ಅದು ಕಾಣಿಸಿಕೊಂಡ ಮೇಲೆಯೇ. ಎದೆಯ ಮೇಲಿನ ಬ್ಯಾಡ್ಜು ಎಲ್ಲವನ್ನೂ ಹೇಳದಿರುವಾಗ ಮಿತಿಯನ್ನು ವರ್ಷಕ್ಕೆ 10ಕ್ಕೆ ಇಳಿಸಿರೆಂದು ಕೇಳುವುದು ಅತಿಯಾಸೆಯೇನಲ್ಲ.

ವಿರೋಧ

ಅಂಚಿನಲ್ಲೇ 30 ವರ್ಷ ಕಳೆಯುವ ಆ ಕಾರ್ಮಿಕ ಬಹುಮಟ್ಟಿಗೆ ಕಾಗದದ ಮೇಲಿನವನು. ಅದೇ ಇನ್‌ವರ್ಕ್ಸ್‌ನಲ್ಲಿ ಒಬ್ಬ ಕಾರ್ಮಿಕನಿಗೆ ಇಡೀ ಸೇವಾವಧಿಯಲ್ಲಿ ತಗಲಿದ್ದು ಸರಾಸರಿ ಸುಮಾರು 20 ಮಿಲಿಗ್ರೇ; ಪರ ಪಕ್ಷದ ದರವನ್ನೇ ಹಿಡಿದರೂ ಅಪಾಯದ ಏರಿಕೆ ಸುಮಾರು ಶೇ. 1. ಆ ಅಧ್ಯಯನದಲ್ಲಿ ಸಿಗರೇಟಿನ ಲೆಕ್ಕವಿಲ್ಲವೆಂಬ ಸಾಮಾನ್ಯ ಆಕ್ಷೇಪವನ್ನು ನಾನು ಎತ್ತುವುದಿಲ್ಲ, ಏಕೆಂದರೆ ಶ್ವಾಸಕೋಶದ ಕ್ಯಾನ್ಸರನ್ನು ಬಿಟ್ಟು ಎಣಿಸಿದಾಗಲೂ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಸಹಜವಾಗಿಯೇ ವಿಕಿರಣ ಸೂಸುವ ಮೋನಜೈಟ್ ಮರಳಿರುವ ಕೇರಳದ ಕರುನಾಗಪ್ಪಳ್ಳಿ ತೀರದಲ್ಲಿ ಸುಮಾರು 70 ಸಾವಿರ ಜನರನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಹೆಚ್ಚುವರಿ ಕ್ಯಾನ್ಸರ್ ಕಾಣಿಸಲಿಲ್ಲ ಎಂಬುದನ್ನು ಹೇಳಬಹುದು. ಆದರೆ ಆ ಗಮನಿಕೆ ಸರಾಸರಿ ಹತ್ತು ವರ್ಷ ಚಿಲ್ಲರೆಯದಷ್ಟೇ, ಅದರ ಮೇಲೆ ಬಹಳ ಭಾರ ಹೇರಲಾಗದು.

ನನ್ನ ನಿಜವಾದ ತಕರಾರು ಬೇರೆ. ಒಂದು ದುರಸ್ತಿಗೆ ಎಲ್ಲರ ಪಾಲೂ ಸೇರಿ 200 ಮಿಲಿಸೀವರ್ಟ್ ತಗಲುತ್ತದೆ ಎಂದುಕೊಳ್ಳೋಣ. ತಲೆಗೆ 20ರಂತೆ ಹತ್ತು ಜನ ಸಾಕು. 10ರಂತೆ ಇಪ್ಪತ್ತು ಜನ ಬೇಕು. ಪ್ರಮಾಣ ಎಷ್ಟೇ ಚಿಕ್ಕದಿರಲಿ ಅಪಾಯವೂ ಅದಕ್ಕೆ ತಕ್ಕಷ್ಟು ಇದ್ದೇ ಇರುತ್ತದೆ ಎಂಬ ಪರ ಪಕ್ಷದ ನಂಬಿಕೆಯನ್ನೇ ಒಪ್ಪಿದರೆ, ಹಂಚಿಕೊಂಡ ಮಾತ್ರಕ್ಕೆ ಒಟ್ಟು ಹಾನಿ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಹೊಸಬರ ಕೈ ನಿಧಾನವಾದ್ದರಿಂದ ಅವರು ಒಳಗಿರುವ ಹೊತ್ತು ಹೆಚ್ಚಿ, ಒಟ್ಟು ಮೊತ್ತವೇ ಏರಲೂಬಹುದು. ಆ ಹೆಚ್ಚುವರಿ ಹತ್ತು ಜನ ಎಲ್ಲಿಂದ ಬರುತ್ತಾರೆ? ಗುತ್ತಿಗೆದಾರ ಕರೆತರುವ, ಕೆಲವು ವಾರಗಳ ಕೆಲಸ ಮುಗಿದೊಡನೆ ಊರಿಗೆ ಮರಳುವ ನಮ್ಮ ಹುಡುಗರಿಂದಲೇ.

200 ಅನ್ನು 100ಕ್ಕೆ ಇಳಿಸುವುದು ಸೀಸದ ತಡೆಯಿಂದ, ದೂರದಿಂದ ನಡೆಸುವ ಉಪಕರಣದಿಂದ, ಕೊಳವೆಗಳೊಳಗಿನ ವಿಕಿರಣಶೀಲ ಕಿಟ್ಟವನ್ನು ಮೊದಲೇ ತೊಳೆದು ತೆಗೆಯುವುದರಿಂದ ಸಾಧ್ಯ. ಖರ್ಚು ಮಾಡಬೇಕಾದದ್ದು ಅಲ್ಲಿ. ಕಾರ್ಮಿಕರ ವಿಕಿರಣದ ಲೆಕ್ಕವನ್ನು ರಾಷ್ಟ್ರಮಟ್ಟದಲ್ಲಿ ದಾಖಲಿಸುವ ವ್ಯವಸ್ಥೆ ಈಗಾಗಲೇ ಇದೆ. ವಿಕಿರಣದಿಂದ ಬರುವ ಗಡ್ಡೆ ತಲೆದೋರಲು ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುವುದರಿಂದ, ಕೆಲಸ ಬಿಟ್ಟು ಅರಸೀಕೆರೆಗೋ ಕಡೂರಿಗೋ ಮರಳಿದ ಫಿಟ್ಟರನ ಕೈಗೆ ಆ ಲೆಕ್ಕದ ಪ್ರತಿ ಕೇಳದೆಯೇ ಬರಬೇಕು ಮತ್ತು ಅದನ್ನು ತೋರಿಸಿದರೆ ಜಿಲ್ಲಾಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಸಿಗಬೇಕು.