ಅದೇ ರೌಂಡು, ಅದೇ ಸ್ಪೀಡು ಎಷ್ಟು ದಿನ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರಲ್ಲಿ ತುಂಬಾ ಜನರದ್ದು ಒಂದೇ ದೂರು. "ವರ್ಷಗಟ್ಟಲೆ ತಪ್ಪಿಸದೆ ವಾಕಿಂಗ್ ಮಾಡ್ತಿದ್ದೀನಿ, ಆದ್ರೂ ತೂಕ ಇಳೀತಿಲ್ಲ, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ." ಚಳಿ ಮಳೆ ಅನ್ನದೆ ಬರುವ ಇವರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. ಆದರೆ ದಿನಾ ಅದೇ ದಾರಿ, ಅದೇ ವೇಗ, ಜೊತೆಗೆ ಅದೇ ಮಾತುಕತೆ. ದೇಹದಿಂದ ನಾವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ ಅಲ್ವಾ?

ವಾಕಿಂಗ್ ಶುರು ಮಾಡಿದ ಮೊದಲ ಕೆಲವು ತಿಂಗಳು ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಕಾಲಿನ ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ತೂಕ ಸ್ವಲ್ಪ ಇಳಿದರೆ ಅಷ್ಟೇ ದೂರ ನಡೆಯಲು ಶಕ್ತಿಯೂ ಕಡಿಮೆ ಸಾಕು. ಆಗ ಬೆವರು ಇಳಿಸುತ್ತಿದ್ದ ನಡಿಗೆ ಈಗ ಆರಾಮ ಅನಿಸುತ್ತದೆ. ಅದನ್ನು ಬಿಡಿ ಅಂತ ಖಂಡಿತ ಹೇಳುವುದಿಲ್ಲ. ಗಳಿಸಿದ್ದನ್ನು ಅದು ಕಾಪಾಡುತ್ತದೆ. ಇನ್ನಷ್ಟು ಬೇಕು ಅಂದರೆ ಬದಲಾವಣೆ ಬೇಕು.

ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾಗವಹಿಸಿದವರೆಲ್ಲ ನಡುವಯಸ್ಸಿನವರು, ವಯಸ್ಸಾದವರು. ಒಂದು ಗುಂಪು ಒಂದೇ ಹದದಲ್ಲಿ ನಡೆಯಿತು. ಇನ್ನೊಂದು ಗುಂಪು 3 ನಿಮಿಷ ಬಿರುಸಾಗಿ, 3 ನಿಮಿಷ ನಿಧಾನವಾಗಿ, ಹೀಗೆ ಬದಲಿಸುತ್ತಾ ನಡೆಯಿತು. 5 ತಿಂಗಳ ನಂತರ ವೇಗ ಬದಲಿಸಿದವರ ತೊಡೆಯ ಬಲ, ದಮ್ಮು ಎರಡೂ ಜಾಸ್ತಿ ಸುಧಾರಿಸಿದ್ದವು. ಬಿಪಿ ಕೂಡ ಹೆಚ್ಚು ಇಳಿದಿತ್ತು. ಇದಕ್ಕೆ ಜಿಮ್ ಬೇಡ, ದುಡ್ಡೂ ಬೇಡ. ಕೈಯಲ್ಲಿ ಗಡಿಯಾರ ಇದ್ದರೆ ಆಯಿತು.

ಆದರೆ ಬರೀ ನಡಿಗೆಯಲ್ಲಿ ಎಲ್ಲವೂ ಬರುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಡೆ ಇದನ್ನು ಬಹುತೇಕರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೈಸೂರಿನ ಹಳೇ ಗರಡಿ ಮನೆಗಳನ್ನು ನೋಡಿ. ಅಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು, ಮಣ್ಣು ಅಗೆಯುವುದು, ಆಮೇಲೆ ಕುಸ್ತಿ. ಎದೆ, ತೊಡೆ, ಹೆಗಲು, ಸೊಂಟ ಒಂದನ್ನೂ ಬಿಡುವುದಿಲ್ಲ. ನಾವು ಅಷ್ಟೆಲ್ಲ ಮಾಡಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು ಶುರುವಿಗೆ ಸಾಕು.

ಇನ್ನೊಂದು ವಿಷಯ ಹೇಳಲೇಬೇಕು. ಇವತ್ತು ಜುಂಬಾ, ನಾಳೆ ಡಂಬೆಲ್, ನಾಡಿದ್ದು ಯೂಟ್ಯೂಬಿನಲ್ಲಿ ಕಂಡ ಇನ್ನೇನೋ ಒಂದು, ಹೀಗೆ ದಿನಕ್ಕೊಂದು ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. 'ದೇಹವನ್ನು ಗೊಂದಲಕ್ಕೆ ಕೆಡವಬೇಕು' ಅನ್ನುವ ಮಾತು ಕೇಳಲು ಚೆಂದ. ಆದರೆ ಯಾವುದನ್ನೂ ನೆಟ್ಟಗೆ ಕಲಿಯುವಷ್ಟು ದಿನ ಮಾಡದಿದ್ದರೆ ಬಲ ಬಂತೋ ಇಲ್ಲವೋ ಗೊತ್ತಾಗುವುದು ಹೇಗೆ? ಒಂದು ಕ್ರಮವನ್ನು ಒಂದೂವರೆ ಎರಡು ತಿಂಗಳಾದರೂ ಹಿಡಿದುಕೊಳ್ಳಿ. ಅದರೊಳಗೇ ವೇಗ, ಏರು, ತೂಕ, ಎಷ್ಟು ಸಲ ಅನ್ನುವುದು, ಇವುಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಅವಸರ ಮಾಡಿದವರ ಮಂಡಿ, ಹಿಮ್ಮಡಿ ನೋಯುವುದಕ್ಕೆ ಇದೂ ಒಂದು ಕಾರಣ.

ಚಾಮುಂಡಿ ಬೆಟ್ಟದಲ್ಲಿ ಸುಮಾರು ಸಾವಿರ ಮೆಟ್ಟಿಲಿವೆ. ಸುಮ್ನೆ ಉತ್ಸಾಹದಲ್ಲಿ ಮೊದಲ ದಿನವೇ ಪೂರ್ತಿ ಹತ್ತಬೇಡಿ. ಕೆಲವು ವಾರ ಅರ್ಧಕ್ಕೇ ಹತ್ತಿ ಇಳಿಯಿರಿ. ಆಮೇಲೆ ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದವರೆಗೆ ಹೋಗಿ. ಇಳಿಯುವಾಗಲೂ ತೊಡೆಗೆ ಒಳ್ಳೆ ಕೆಲಸ ಇದೆ, ಮರುದಿನದ ನೋವು ಅದರಿಂದಲೇ ಜಾಸ್ತಿ. ಹೃದಯದ ತೊಂದರೆ, ಮಂಡಿ ಸವೆತ ಇರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಮನೆಯಲ್ಲಿ 65 ದಾಟಿದ ಅಪ್ಪ ಅಮ್ಮ ಇದ್ದರೆ ಅವರಿಗೆ ಸಮತೋಲನದ ಅಭ್ಯಾಸವನ್ನೂ ಮಾಡಿಸಿ, ವಾರಕ್ಕೆ ಮೂರು ದಿನವಾದರೂ. ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದರಿಂದ ಶುರು ಮಾಡಬಹುದು. ಮೊದಮೊದಲು ನೀವು ಪಕ್ಕದಲ್ಲೇ ನಿಂತಿರಿ.