ಆಪರೇಷನ್ ಆದ ಹೆಂಗಸಿಗೆ ಹೊಟ್ಟೆ ತುಂಬ ಊಟ ಹಾಕಿ

ನಿನ್ನೆ ಸಂಜೆ ಪಕ್ಕದ ಬೀದಿಯ ಗೆಳತಿಯನ್ನು ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಗರ್ಭಕೋಶ ತೆಗೆಸಿ ಹನ್ನೊಂದು ದಿನ ಆಗಿದೆ. ಅಲ್ಲಿಂದ ಬಂದಾಗಿನಿಂದ ಹೊಟ್ಟೆಯೊಳಗೆ ಸಂಕಟ. ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದವಳೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹೋದ ಹೊತ್ತಿಗೆ ಅವಳಿಗೆ ಊಟ ತಂದಿಟ್ಟರು. ಸ್ಟೀಲ್ ತಟ್ಟೆಯಲ್ಲಿ ಒಂದು ಸೌಟು ಬಿಳಿ ಅನ್ನ. ಮೇಲೆ ನೀರಿನಂಥ ಮೆಣಸಿನ ಸಾರು. ಪಕ್ಕದಲ್ಲಿ ಎರಡು ಎಸಳು ಸುಟ್ಟ ಬೆಳ್ಳುಳ್ಳಿ. ಮುಗೀತು. ಬೆಳಿಗ್ಗೆ ಏನು ತಿಂದೆ ಅಂದರೆ ಕಾಫಿಗೆ ಅದ್ದಿಕೊಂಡು ಎರಡು ರಸ್ಕು. ಮಧ್ಯಾಹ್ನ? ಇದೇ ಅನ್ನ, ಇದೇ ಸಾರು. ಹನ್ನೊಂದು ದಿನದಿಂದ ಇದೇ! ಸೊಪ್ಪು ನಂಜು. ಬೇಳೆ ವಾಯು. ಮೊಸರು ಶೀತ. ಹಣ್ಣು ತಿಂದರೆ ಕೀವಾಗುತ್ತೆ. ನೀರು ಕೇಳಿದರೆ ಅರ್ಧ ಲೋಟ, ಅದೂ ಬಿಸಿ. ಜಾಸ್ತಿ ಕುಡಿದರೆ ಹೊಲಿಗೆ ನೆನೆಯುತ್ತಂತೆ.

ಕುಡಿದ ನೀರು ಹೋಗುವ ದಾರಿ ಬೇರೆ, ಹೊಲಿಗೆ ಇರುವ ಜಾಗ ಬೇರೆ. ಇಷ್ಟನ್ನು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಅವಳ ಅತ್ತೆ ಒಳಗೆ ಹೋದ ಮೇಲೆ ಗೆಳತಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿಕೊಂಡಿದೆ. ತಿಣುಕಿದರೆ ಹೊಲಿಗೆ ಬಿಟ್ಟುಹೋಗುತ್ತೇನೋ ಅಂತ ಭಯ" ಅಂತ ಅತ್ತುಬಿಟ್ಟಳು. ಅದೇ ಹೊತ್ತಿಗೆ ಬಾಗಿಲ ಮುಂದೆ ತಳ್ಳುಗಾಡಿಯವನು ಅವರೆಕಾಯಿ, ದಂಟಿನ ಸೊಪ್ಪು, ಸೀಬೆಹಣ್ಣು ಅಂತ ಕೂಗಿಕೊಂಡು ಹೋಗುತ್ತಿದ್ದ. ಕೋಲಾರದಲ್ಲಿ ಕೂತು ಹೆಣ್ಣುಮಗಳು ಸೊಪ್ಪಿಗೆ, ಹಣ್ಣಿಗೆ ಹಂಬಲಿಸಬೇಕಾ? ನಮ್ಮ ಮಾರ್ಕೆಟ್ಟಿನ ಟೊಮೆಟೊ ಲಾರಿಗಟ್ಟಲೆ ಬೇರೆ ಬೇರೆ ರಾಜ್ಯಕ್ಕೆ ಹೋಗುತ್ತೆ. ನಮ್ಮ ಮನೆಯ ರೋಗಿ ತಟ್ಟೆಗೆ ಒಂದು ಟೊಮೆಟೊ ಬೀಳಲ್ಲ.

ನಿಮಗೆಲ್ಲ ಗೊತ್ತೇ ಇದೆ, ಎರಡು ವರ್ಷದ ಹಿಂದೆ ನನಗೂ ಇದೇ ಆಪರೇಷನ್ ಆಯ್ತು. ಗರ್ಭಕೋಶದಲ್ಲಿ ಗಡ್ಡೆ. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಹಿಮೋಗ್ಲೋಬಿನ್ 12 ಇರಬೇಕಾದ್ದು 7.4ಕ್ಕೆ ಇಳಿದಿತ್ತು. ರಕ್ತ ಹಾಕಿಸಿಯೇ ಆಪರೇಷನ್ ಮಾಡಿದ್ದು. ಇದು ನನ್ನೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತ ಕಡಿಮೆ. ಅದರಲ್ಲೂ ಈ ಆಪರೇಷನ್ನಿಗೆ ಹೋಗುವವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ರಕ್ತ ಸುರಿಸಿಯೇ ಅಲ್ಲಿಗೆ ಹೋಗಿರುತ್ತಾರೆ. ಅಂಥವರನ್ನು ಮನೆಗೆ ಕರೆದುಕೊಂಡು ಬಂದು ಬಿಳಿ ಅನ್ನ, ರಸ್ಕಿನ ಮೇಲೆ ಇಡೋದು ಪಥ್ಯವಾ? ನನ್ನ ಮಟ್ಟಿಗೆ ಅದು ಉಪವಾಸ ಕೆಡವಿದಂತೆ.

ಗಾಯ ಮಾಯುವುದಕ್ಕೆ ಪ್ರೋಟೀನ್ ಬೇಕು. ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಒಂದು ಸೌಟು ಅನ್ನಕ್ಕೆ ಮೆಣಸಿನ ಸಾರು ಹಾಕಿದರೆ ಅದು ಎಲ್ಲಿಂದ ಬರಬೇಕು? ಇನ್ನು ಮಲಬದ್ಧತೆ. ಅರಿವಳಿಕೆ, ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಮಲಗಿಯೇ ಇರೋದು, ಎಲ್ಲ ಸೇರಿ ಹೊಟ್ಟೆ ಕಟ್ಟುತ್ತೆ. ಅದರ ಮೇಲೆ ನಾರಿಲ್ಲದ ಊಟ, ನೀರೂ ಇಲ್ಲ. ಆಮೇಲೆ "ಯಾಕೋ ಹೊಟ್ಟೆ ಉಬ್ಬರ" ಅಂತ ಇನ್ನೂ ಒಂದು ಪದಾರ್ಥ ನಿಲ್ಲಿಸುತ್ತಾರೆ.

ನನಗೂ ಮೊದಲ ಐದು ದಿನ ಇದೇ ನಡೆದಿತ್ತು. ಆರನೇ ದಿನ ಮುಳಬಾಗಿಲು ಕಡೆಯಿಂದ ನಮ್ಮ ಚಿಕ್ಕಮ್ಮ ಬಂದರು. ತಟ್ಟೆ ನೋಡಿದರು. ಯಾರಿಗೂ ಏನೂ ಅನ್ನಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ರಾಗಿ ಗಂಜಿ ಕಾಯಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ ದೊಡ್ಡ ಲೋಟದಲ್ಲಿ ತಂದುಕೊಟ್ಟರು. ಆ ಲೋಟದ ತಂಪು ಈಗಲೂ ಕೈಯಲ್ಲಿದೆ. ಮಾರನೇ ದಿನ ಮಸ್ಸೊಪ್ಪು. ತೊಗರಿಬೇಳೆ ಜೊತೆ ದಂಟು, ಪಾಲಕ್, ಒಂದು ಹಿಡಿ ನುಗ್ಗೆಸೊಪ್ಪು, ಎರಡು ಟೊಮೆಟೊ ಬೇಯಿಸಿ, ಕಡಗೋಲಿನಲ್ಲಿ ನುಣ್ಣಗೆ ಮಸೆದು, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರು. ಖಾರ ಕಡಿಮೆ. ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಮುದ್ದೆ. ಊಟದ ಕೊನೆಗೆ ಒಂದು ಹೋಳು ಸೀಬೆ. ಎರಡು ದಿನದಲ್ಲಿ ಹೊಟ್ಟೆ ಸಲೀಸಾಯ್ತು. ಆ ಬೆಳಿಗ್ಗೆ ನಾನು ಬಚ್ಚಲಿನಿಂದ ಹೊರಗೆ ಬಂದು ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತಿದ್ದೆ. ಈ ನೋವು ಅನುಭವಿಸಿದವರಿಗೆ ಅದು ಅರ್ಥವಾಗುತ್ತೆ.

"ಹಿರಿಯರು ಸುಮ್ನೆ ಹೇಳ್ತಾರಾ? ಅವರ ಅನುಭವಕ್ಕೆ ಬೆಲೆ ಇಲ್ವಾ?" ಅಂತ ಕೇಳುವವರಿದ್ದಾರೆ. ಇದೆ. ಮೊದಲ ಕೆಲವು ದಿನ ಕರುಳು ಇನ್ನೂ ಎಚ್ಚೆತ್ತಿರಲ್ಲ, ಆಗ ಹಗುರ ಊಟವೇ ಸರಿ. ಅವರೆಕಾಳು, ಎಲೆಕೋಸು ಗ್ಯಾಸ್ ಮಾಡುತ್ತೆ, ಸ್ವಲ್ಪ ದಿನ ಬಿಟ್ಟು ತಿನ್ನಲಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಎಲ್ಲ ಒಪ್ಪಿದೆ. ಆದರೆ ಕೆಲವು ದಿನದ ಮಾತನ್ನು ಮೂರು ತಿಂಗಳಿಗೆ ಎಳೆಯೋದು ಯಾವ ಅನುಭವ? ಅದೇ ಅನುಭವ ಗಂಡಸರಿಗೆ ಯಾಕೆ ಅನ್ವಯಿಸಲ್ಲ? ನಮ್ಮ ಸಂಬಂಧದಲ್ಲೇ ಒಬ್ಬರಿಗೆ ಹರ್ನಿಯಾ ಆಪರೇಷನ್ ಆಯ್ತು. ಅದೂ ಹೊಟ್ಟೆಯ ಗಾಯವೇ ತಾನೇ? ಐದನೇ ದಿನಕ್ಕೆ ಕಾಲು ಸೂಪು, ದಿನಕ್ಕೆರಡು ಮೊಟ್ಟೆ, ಎಳನೀರು. "ಶಕ್ತಿ ಬರಬೇಕು, ಕೆಲಸಕ್ಕೆ ಹೋಗೋ ಮನುಷ್ಯ" ಅಂದರು. ಯಾರ ಬಾಯಲ್ಲೂ ನಂಜು ಅನ್ನೋ ಮಾತೇ ಬರಲಿಲ್ಲ. ಹೆಂಗಸು ಕೆಲಸಕ್ಕೆ ಹೋಗಲ್ವಾ? ಆರರಿಂದ ಎಂಟು ವಾರ ಭಾರ ಎತ್ತಬೇಡ ಅಂತ ಡಾಕ್ಟರ್ ಹೇಳಿ ಕಳಿಸಿದರೆ, ಮೂರನೇ ವಾರಕ್ಕೆ ಬಿಂದಿಗೆ ಎತ್ತಿಸುತ್ತೀರಿ. ಡಾಕ್ಟರ್ ಬೇಡ ಅಂದ ಭಾರ ಎತ್ತಿಸುತ್ತೀರಿ, ಅವರು ತಿನ್ನು ಅಂದ ಊಟ ಕೊಡಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ಈ ಗೆಳತಿಗೆ ಎರಡೂ ಅಂಡಾಶಯ ತೆಗೆದಿದ್ದಾರೆ. ವಯಸ್ಸು ಇನ್ನೂ 43. ಅಂದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ನಿಧಾನಕ್ಕೆ ಬರಲ್ಲ, ಒಂದೇ ಸಲಕ್ಕೆ ಬರುತ್ತವೆ. ಮೈ ಬಿಸಿಯಾಗಿ ಬೆವರೋದು, ನಿದ್ದೆ ಬಾರದಿರೋದು. ಮೂಳೆ ಬೇಗ ಸವೆಯಲು ಶುರುವಾಗುತ್ತೆ. ಅವಳಿಗೆ ಹಾಲು, ಮೊಸರು, ರಾಗಿ ಔಷಧಿಯಷ್ಟೇ ಮುಖ್ಯ. ಮಾತ್ರೆಯ ವಿಷಯ ಡಾಕ್ಟರ್ ನೋಡಿಕೊಳ್ಳುತ್ತಾರೆ, ತಟ್ಟೆಯ ವಿಷಯ ನಮ್ಮ ಕೈಯಲ್ಲಿದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾವು ರಾಗಿ ತಿಂದು ಬೆಳೆದ ಜನ. ನಮ್ಮ ಹೆಣ್ಣುಮಗಳು ಹಾಸಿಗೆ ಹಿಡಿದಾಗಲೇ ಮುದ್ದೆ ಕಿತ್ತುಕೊಂಡು ಅನ್ನ ಇಡುತ್ತೇವೆ.

ಇನ್ನೊಂದನ್ನೂ ಕಣ್ಣಾರೆ ನೋಡಿದೆ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿಸುತ್ತಿದ್ದಾರೆ. ಕಾಫಿ, ಟೀ ಜೊತೆ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತಲ್ಲ. ಹಾಲಿನ ಜೊತೆಯೂ ಬೇಡ. ನೀರಿನಲ್ಲಿ ನುಂಗಲಿ, ಜೊತೆಗೆ ನಿಂಬೆರಸವೋ, ನೆಲ್ಲಿಕಾಯಿಯೋ, ಸೀಬೆಯೋ ಇದ್ದರೆ ಚೆನ್ನಾಗಿ ಹೀರಿಕೊಳ್ಳುತ್ತೆ. ಕಾಫಿ ಒಂದೆರಡು ಗಂಟೆ ಬಿಟ್ಟು ಕುಡಿದರಾಯ್ತು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ಹದಿನೈದು ವರ್ಷದ ಹಿಂದೆ ನಮ್ಮ ಅತ್ತಿಗೆಗೆ ಇದೇ ಆಪರೇಷನ್ ಆದಾಗ ನೋಡಿಕೊಂಡವಳು ನಾನೇ. ಒಂದು ಮಧ್ಯಾಹ್ನ ಅವರು ಅರ್ಧ ಲೋಟ ಮಜ್ಜಿಗೆ ಕೇಳಿದರು. ಬಿಸಿಲು ಜಾಸ್ತಿ ಇತ್ತು. ನಾನು ಕೊಡಲಿಲ್ಲ. "ನಂಜಾಗುತ್ತೆ ಅತ್ತಿಗೆ, ಬೇಡ" ಅಂದೆ. ಅವರು ಮತ್ತೆ ಕೇಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಬೆನ್ನು ನನಗೆ ಇವತ್ತಿಗೂ ಕಾಣುತ್ತೆ. ನಿನ್ನೆ ರಾತ್ರಿ ನಿದ್ದೆ ಬರದಿದ್ದಕ್ಕೆ ಅದೂ ಕಾರಣ. ಅದಕ್ಕೇ ಆ ಮನೆಯ ಅತ್ತೆಯವರ ಮೇಲೆ ನಾನು ರೇಗಲಿಲ್ಲ. ಅವರೂ ಸೊಸೆಗೆ ಕೆಟ್ಟದಾಗಲಿ ಅಂತ ಮಾಡುತ್ತಿಲ್ಲ.

ಇವತ್ತು ಮಸ್ಸೊಪ್ಪು ಮಾಡಿದ್ದೇನೆ. ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ, ಜೊತೆಗೆ ಒಂದು ಚೊಂಬು ಮಜ್ಜಿಗೆ. ಬೇಡ ಅಂದರೆ ನಾಳೆ ಮತ್ತೆ ಹೋಗುತ್ತೇನೆ. ಸೋಮವಾರ ಗಾಯ ತೋರಿಸಲು ಆಸ್ಪತ್ರೆಗೆ ಹೋಗುತ್ತಾರಂತೆ. "ಅತ್ತೆಯವರನ್ನೂ ಒಳಗೆ ಕರೆದುಕೊಂಡು ಹೋಗು. ಏನೇನು ತಿನ್ನಬಹುದು ಅಂತ ಅವರ ಎದುರಿಗೇ ಡಾಕ್ಟರನ್ನು ಕೇಳು" ಅಂತ ಅವಳಿಗೆ ಹೇಳಿ ಬಂದಿದ್ದೇನೆ.