ಸೆರೆಯೂರಿಗೆ ಬಂದ ಪತ್ರ ಮತ್ತು ನಮ್ಮ ಕಷ್ಟಕಾಲದ ವಿಶ್ವಾಸ

ಕಷ್ಟದಲ್ಲಿರುವ ವಿಶ್ವಾಸಿಗಳನ್ನು ಕಾಣಲು ಹೋದವರು ಬಹಳಷ್ಟು ಸಲ ಹೇಳಿ ಬರುವ ವಚನವೊಂದಿದೆ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಕೇಡಿನವಲ್ಲ, ಹಿತದವೇ ಎಂದು ಕರ್ತನು ಭರವಸೆ ಕೊಡುವ ಬೈಬಲಿನ ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನ ಅದು. ಅದನ್ನು ಬಿಡಿಯಾಗಿ ಓದಿ ರೂಢಿಯಾಗಿರುವುದರಿಂದ, ಯಾರಿಗಾಗಿ, ಎಂಥ ಸಂಕಟದ ನಡುವೆ ಆ ಮಾತು ಬಂತೆಂಬುದು ನಮ್ಮಲ್ಲಿ ಅನೇಕರಿಗೆ ಮರೆತೇಹೋಗಿದೆ. ಕಷ್ಟಕಾಲದಲ್ಲಿ ಬದುಕಿನ ಉದ್ದೇಶವೇನೆಂದು ಕೇಳುವವರು ಆ ಅಧ್ಯಾಯವನ್ನು ಮೊದಲಿನಿಂದ ಓದಬೇಕೆಂಬುದು ನನ್ನ ಕಳಕಳಿಯ ವಿನಂತಿ.

ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು, ಯೆಹೂದದ ಅರಸನಾದ ಯೆಕೊನ್ಯನನ್ನೂ ಅವನ ತಾಯಿಯನ್ನೂ ಯಾಜಕರನ್ನೂ ಕಮ್ಮಾರರೇ ಮೊದಲಾದ ಕೆಲಸಗಾರರನ್ನೂ ಬಾಬೆಲಿಗೆ ಸೆರೆಯೊಯ್ದನು. ಎರಡು ವರ್ಷಗಳೊಳಗೆ ಎಲ್ಲರೂ ಹಿಂದಿರುಗುವರೆಂದು ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಸಾರಿದನು. ಕೇಳಿದವರಿಗೆ ಅದು ಎಷ್ಟು ಹಿತವಾಗಿದ್ದಿರಬೇಕು! ಆದರೆ ಪ್ರವಾದಿ ಯೆರೆಮೀಯನು ಆ ಸೆರೆಯವರಿಗೆ ಬರೆದು ಕಳುಹಿಸಿದ, ಈ 29ನೇ ಅಧ್ಯಾಯದಲ್ಲಿರುವ ಪತ್ರ ಹೇಳಿದ ಅವಧಿ 70 ವರ್ಷ. ಸೆರೆಗೆ ಹೋದ ವಯಸ್ಕರಲ್ಲಿ ಹೆಚ್ಚಿನವರು ಅಲ್ಲಿಯೇ ಮಣ್ಣಾಗುವರೆಂದೇ ಅದರ ಅರ್ಥವಾಗಿತ್ತು. ಹಾಗಿದ್ದರೂ ಅದೇ ಪತ್ರವು ಅವರಿಗೆ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಂಡು ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ ಎನ್ನುತ್ತದೆ; ತಮ್ಮನ್ನು ಸೆರೆಯಲ್ಲಿಟ್ಟ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದೂ ಹೇಳುತ್ತದೆ. ಈ ಕಡೆಯ ಮಾತನ್ನು ಓದುವಾಗಲೆಲ್ಲ ನಾನು ಅಲ್ಲಿಯೇ ನಿಂತುಬಿಡುತ್ತೇನೆ. ಹಿತದ ವಾಗ್ದಾನ ಬರುವುದು ಇಷ್ಟೆಲ್ಲ ಆದ ಮೇಲೆ.

ಸೆರೆ ಮುಗಿದ ಮೇಲೆ ಬದುಕು ಶುರುವಾಗುತ್ತದೆಂದು ಕಾದು ಕುಳಿತವರಿಗೆ, ಇಂದಿನ ಕೆಲಸ ಇಲ್ಲಿಯೇ ಇದೆ ಎಂದು ಆ ಪತ್ರ ತೋರಿಸಿಕೊಟ್ಟಿತು. ಸಂಕಟ ಏಕೆ ಬಂತೆಂಬುದಕ್ಕೆ ಉತ್ತರ ಸಿಕ್ಕಿದರೆ ಮಾತ್ರ ಉದ್ದೇಶ ತಿಳಿಯುತ್ತದೆಂದು ನಾವು ಎಣಿಸುತ್ತೇವೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನಿಗೆ ಆ ಉತ್ತರ ಕೊನೆಯವರೆಗೂ ದೊರೆಯಲಿಲ್ಲ. ಕಾರಣವನ್ನು ಬಲ್ಲವರಂತೆ ಮಾತನಾಡಿದ ಅವನ ಸ್ನೇಹಿತರನ್ನು ದೇವರೇ ಗದರಿಸಿದನು. ಅವರು ಬಾಯಿ ತೆರೆಯದೆ ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಕುಳಿತಿದ್ದೇ ಅವರು ಮಾಡಿದ ಅತ್ಯುತ್ತಮ ಸೇವೆಯೆಂದು ನನಗನಿಸುತ್ತದೆ.

ದುಃಖವನ್ನು ಹೇಳಿಕೊಂಡರೆ ವಿಶ್ವಾಸ ಕುಂದಿತೆಂದು ತಿಳಿಯುವವರೂ ಸಭೆಗಳಲ್ಲಿದ್ದಾರೆ. ಇದು ನನಗೆ ನಿಜವಾಗಿಯೂ ನೋವು ತರುವ ಸಂಗತಿ. ಬೈಬಲಿನ 150 ಕೀರ್ತನೆಗಳಲ್ಲಿ ಬಹುಪಾಲು ಸ್ತುತಿಗೀತೆಗಳೇ ಎಂದು ಭಾವಿಸಿದವರು ಎಣಿಸಿ ನೋಡಲಿ, ಮೊರೆಯ ಕೀರ್ತನೆಗಳು ಅವುಗಳಲ್ಲಿ ಎಷ್ಟೊಂದಿವೆ. 88ನೆಯದಂತೂ ಒಂದೇ ಒಂದು ಸಾಂತ್ವನದ ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಹಾಡಿದವನು ತನ್ನ ದೂರನ್ನು ಒಯ್ದದ್ದು ದೇವರ ಬಳಿಗೇ. ಕೈಬಿಟ್ಟೆಯೇಕೆ ಎಂದು ಶಿಲುಬೆಯ ಮೇಲೆ ಯೇಸು ಕೂಗಿದ ಮಾತು ಕೂಡ 22ನೇ ಕೀರ್ತನೆಯ ಮೊದಲ ಸಾಲು. ಕರ್ತನೇ ಆಡಿದ ಪ್ರಾರ್ಥನೆಯನ್ನು ಅವಿಶ್ವಾಸವೆಂದು ಕರೆಯುವ ಧೈರ್ಯ ಯಾರಿಗಿದೆ?

ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆದುಬಿಡೆಂದು ಮೂರು ಸಾರಿ ಬೇಡಿಕೊಂಡ ಅಪೊಸ್ತಲ ಪೌಲನಿಗೆ ಸಿಕ್ಕಿದ್ದು ಕೃಪೆಯೇ ಸಾಕೆಂಬ ಉತ್ತರ, ಶೂಲ ಉಳಿಯಿತು. ಆದರೆ ಕೊರಿಂಥದವರಿಗೆ ಬರೆದ ಅದೇ ಎರಡನೆಯ ಪತ್ರದ ಆರಂಭದಲ್ಲಿ ಅವನು ಹೇಳುವುದನ್ನು ಗಮನಿಸಬೇಕು: ದೇವರು ನಮ್ಮನ್ನು ಸಂತೈಸಿದ್ದು ನಾವೂ ಸಂಕಟದಲ್ಲಿರುವವರನ್ನು ಸಂತೈಸುವ ಶಕ್ತಿ ಪಡೆಯಲೆಂದು. ನಮ್ಮ ಕುಟುಂಬದ ದೀರ್ಘ ಕಾಯಿಲೆಯ ದಿನಗಳಲ್ಲಿ ನಮ್ಮನ್ನು ಎತ್ತಿ ನಿಲ್ಲಿಸಿದವರು, ಅಂಥದ್ದೇ ಹಾದಿಯಲ್ಲಿ ನಡೆದು ಬಂದವರು. ಅವರು ಹೆಚ್ಚೇನೂ ಉಪದೇಶ ಮಾಡಲಿಲ್ಲ. ರಾತ್ರಿ ರೋಗಿಯ ಪಕ್ಕದಲ್ಲಿ ತಾವು ಕುಳಿತು ನಮ್ಮನ್ನು ಮಲಗಲು ಕಳುಹಿಸಿದರು.

ಜರ್ಮನಿಯ ಸಭಾಪಾಲಕ ಡೀಟ್ರಿಕ್ ಬಾನ್‌ಹೋಫರ್ ಅವರನ್ನು ಹಿಟ್ಲರನ ಆಡಳಿತವು 1943ರ ಏಪ್ರಿಲ್‌ನಲ್ಲಿ ಬಂಧಿಸಿತು. ಎರಡು ವರ್ಷಗಳ ಸೆರೆವಾಸದ ಬಳಿಕ 1945ರ ಏಪ್ರಿಲ್ 8ರ ಭಾನುವಾರ ಅವರು ಜೊತೆಯ ಕೈದಿಗಳಿಗಾಗಿ ಆರಾಧನೆ ನಡೆಸಿದರು. ಅದು ಮುಗಿಯುತ್ತಿದ್ದಂತೆ ಅವರನ್ನು ಕರೆದೊಯ್ದು ಮರುದಿನ ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಬಿಡುಗಡೆಯ ನಂತರ ಮಾಡಬಹುದಾದ ಸೇವೆಗೆಂದು ಅವರು ಆ ಭಾನುವಾರವನ್ನು ಕಾದಿರಿಸಲಿಲ್ಲ.

ಇಂಥವರ ಹೆಸರು ಹೇಳಿ, ಈಗಾಗಲೇ ಬಸವಳಿದವರ ಮೇಲೆ ಮತ್ತೊಂದು ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಸಾವನ್ನೇ ಬೇಡಿಕೊಂಡು ಅಡವಿಯಲ್ಲಿ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ತಿಂದು ಮತ್ತೆ ಮಲಗಲು ಬಿಟ್ಟು, ಎರಡನೆಯ ಸಲ ಎಬ್ಬಿಸಿ ತಿನ್ನಿಸಿದನು. ಇಲ್ಲೇನು ಮಾಡುತ್ತೀ ಎಂಬ ಪ್ರಶ್ನೆ ಬಂದದ್ದು, ಮುಂದಿನ ಸೇವೆಯನ್ನು ಒಪ್ಪಿಸಿದ್ದು, ಎಲ್ಲವೂ ಆ ಬಳಿಕ. ಆದುದರಿಂದ ಬದುಕೇ ಬೇಡವೆನ್ನಿಸುವಷ್ಟು ಮನಸ್ಸು ಕುಸಿದವರು ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವನ್ನೂ ಸಂಕೋಚವಿಲ್ಲದೆ ಪಡೆಯಲಿ. ಅವರ ಸಭೆಯವರು ಅದನ್ನು ವಿಶ್ವಾಸದ ಕೊರತೆಯೆಂದು ತೂಗದೆ, ಅವರೊಡನೆ ಆಸ್ಪತ್ರೆಗೆ ಹೋಗಿ ಬರಲಿ.